ಪರದೆ ತಿರುಗಿತು, ಟಚ್ ತಿರುಗಲಿಲ್ಲ

ಲಿನಕ್ಸ್ ಓಡುವ ಟಚ್‌ಸ್ಕ್ರೀನನ್ನು ತಲೆಕೆಳಗಾಗಿ ಗೋಡೆಗೆ ಕೂರಿಸಿ, ಚಿತ್ರವನ್ನೂ ತಿರುಗಿಸಿಕೊಂಡಿರಿ ಎನ್ನಿ. ಈಗ ಎಡ ಮೇಲ್ತುದಿ ಮುಟ್ಟಿದರೆ ಬಲ ಕೆಳತುದಿಯ ಬಟನ್ ಒತ್ತಿಕೊಳ್ಳುತ್ತದೆ. ‘ಟಚ್ ಹೋಗಿದೆ, ಪ್ಯಾನೆಲ್ ಬದಲಿಸಬೇಕು’ ಎಂಬ ತೀರ್ಮಾನ ಕೂಡಲೇ ಬರುತ್ತದೆ. ಅದನ್ನು ನಂಬಿ ದುಡ್ಡು ಸುರಿಯಬೇಡಿ. ಗಾಜಿಗೆ ಏನೂ ಆಗಿಲ್ಲ.

ಚಿತ್ರ ತೋರಿಸುವ ಪರದೆಯೂ ಬೆರಳನ್ನು ಗುರುತಿಸುವ ಸೆನ್ಸರೂ ಒಂದಕ್ಕೊಂದು ಅಂಟಿಕೊಂಡಿದ್ದರೂ ಲಿನಕ್ಸ್ ಪಾಲಿಗೆ ಬೇರೆ ಬೇರೆ ಸಾಧನಗಳು. ಪರದೆಯ ಚಿತ್ರವನ್ನು ನಿಭಾಯಿಸುವ ಹಳೆಯ ಎಕ್ಸ್ ವ್ಯವಸ್ಥೆಯಲ್ಲಿ ‘ಎಕ್ಸ್‌ರ್ಯಾಂಡರ್’ ಆಜ್ಞೆ ಚಿತ್ರವನ್ನಷ್ಟೇ ತಿರುಗಿಸುತ್ತದೆ. ಸೆನ್ಸರ್ ತನ್ನ ಹಳೆಯ ಮೂಲೆಯಿಂದಲೇ ಅಳೆಯುತ್ತಿರುತ್ತದೆ.

ಹಾಗಾದರೆ ಕ್ಯಾಲಿಬ್ರೇಶನ್ ತಂತ್ರಾಂಶ ತೆರೆದು, ಅದು ತೋರಿಸುವ ಗುರುತುಗಳನ್ನು ಮುಟ್ಟುತ್ತ ಹೋದರಾಯಿತಲ್ಲ ಎನ್ನುವವರಿದ್ದಾರೆ. ಒತ್ತಿದರೆ ಮಾತ್ರ ಸ್ಪಂದಿಸುವ ರೆಸಿಸ್ಟಿವ್ ಪರದೆಗಳಿಗೆ ಅದು ಬೇಕಿತ್ತು. ಅಲ್ಲಿ ಅಳತೆಯೇ ಆಚೀಚೆ ಸರಿಯುತ್ತಿತ್ತು. ಇಂದಿನ ಕೆಪ್ಯಾಸಿಟಿವ್ ಗಾಜಿನಲ್ಲಿ ಅಳತೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ತಪ್ಪಿರುವುದು ದಿಕ್ಕು. ಅದನ್ನು ತಿದ್ದುವುದು ಒಂಬತ್ತು ಅಂಕಿಗಳ ಒಂದು ಮ್ಯಾಟ್ರಿಕ್ಸ್.

ಅಂಕಿ ಕಂಡು ಹೆದರಬೇಕಿಲ್ಲ. ಪರದೆಯ ಅಗಲವನ್ನು 0ಯಿಂದ 1ರವರೆಗೆ ಎಂದು ಹಿಡಿಯಿರಿ. ತಲೆಕೆಳಗಾದ ಪರದೆಯ ಮ್ಯಾಟ್ರಿಕ್ಸಿನ ಮೊದಲ ಸಾಲು -1 0 1. ಸೆನ್ಸರ್ 0.2 ಎಂದರೆ, ಅದನ್ನು -1ರಿಂದ ಗುಣಿಸಿ 1 ಕೂಡಿಸಿದಾಗ 0.8 ಸಿಗುತ್ತದೆ. ಅಂದರೆ ಎಡದಿಂದ ಅಷ್ಟು ದೂರದಲ್ಲಿದ್ದದ್ದು ಬಲದಿಂದ ಅಷ್ಟೇ ದೂರಕ್ಕೆ ಬಂತು. ಎರಡನೆಯ ಸಾಲು 0 -1 1, ಎತ್ತರಕ್ಕೂ ಅದೇ ಲೆಕ್ಕ. ಮೂರನೆಯದು 0 0 1, ಅದು ಎಂದೂ ಬದಲಾಗದು. ಚಿತ್ರವನ್ನು ಎಡಕ್ಕೆ ತಿರುಗಿಸಿದ್ದರೆ ಅಗಲ, ಎತ್ತರಗಳೇ ಅದಲುಬದಲು: 0 -1 1, 1 0 0, 0 0 1. ಈ ಅಂಕಿಗಳನ್ನು ‘ಎಕ್ಸ್‌ಇನ್‌ಪುಟ್’ ಆಜ್ಞೆಯಿಂದ ಟಚ್ ಸಾಧನಕ್ಕೆ ಕೊಡಬೇಕು.

ಜೊತೆಗೆ ಇನ್ನೊಂದು ಮಾನಿಟರ್ ಜೋಡಿಸಿದಾಗ ಟಚ್ ಎರಡೂ ಪರದೆಗಳ ಮೇಲೆ ಹರಡಿಕೊಳ್ಳುವುದಕ್ಕೂ ಡ್ರೈವರ್ ದೋಷವೆಂದೇ ಹೆಸರು. ಆದರೆ ಎಕ್ಸ್ ಸೆನ್ಸರನ್ನು ಇಡೀ ಡೆಸ್ಕ್‌ಟಾಪಿಗೆ ಹೊಂದಿಸಿರುತ್ತದೆ, ಅಷ್ಟೇ. ‘ಮ್ಯಾಪ್ ಟು ಔಟ್‌ಪುಟ್’ ಎಂಬ ಆಯ್ಕೆಯನ್ನು ‘ಎಕ್ಸ್‌ಇನ್‌ಪುಟ್’ ಆಜ್ಞೆಗೆ ಕೊಟ್ಟರೆ ಸೆನ್ಸರ್ ಒಂದೇ ಪರದೆಗೆ ಅಂಟಿಕೊಳ್ಳುತ್ತದೆ. ಆ ಪರದೆ ತಿರುಗಿದ್ದರೆ ಮ್ಯಾಟ್ರಿಕ್ಸನ್ನೂ ಆ ಆಜ್ಞೆಯೇ ಲೆಕ್ಕ ಹಾಕಿಕೊಳ್ಳುತ್ತದೆ.

ಒಮ್ಮೆ ಸರಿಮಾಡಿದರೆ ಮುಗಿಯಿತು ಎಂದುಕೊಳ್ಳುವಂತಿಲ್ಲ. ‘ಎಕ್ಸ್‌ಇನ್‌ಪುಟ್’ ಕೊಟ್ಟದ್ದು ಲಾಗ್‌ಔಟ್ ಆದೊಡನೆ ಹೋಗುತ್ತದೆ. ಟಚ್, ಮೌಸ್‌ಗಳ ಸಂಕೇತ ಓದುವ ಲಿಬ್‌ಇನ್‌ಪುಟ್ ಬಳಸುವ ಕಡೆ ಮೊದಲ ಎರಡು ಸಾಲಿನ ಆರು ಅಂಕಿಗಳನ್ನು ಸಾಧನಗಳನ್ನು ಗುರುತಿಸುವ ಯೂಡೆವ್‌ನ ನಿಯಮವಾಗಿ ಬರೆದಿಟ್ಟರೆ ಪ್ರತಿ ಬೂಟಿನಲ್ಲೂ ಅನ್ವಯವಾಗುತ್ತದೆ. ಎಕ್ಸ್‌ನ ಜಾಗಕ್ಕೆ ಬಂದಿರುವ ವೇಲ್ಯಾಂಡ್‌ನಲ್ಲಿ ‘ಎಕ್ಸ್‌ಇನ್‌ಪುಟ್’ ಆಟ ನಡೆಯುವುದಿಲ್ಲ. ಅಲ್ಲಿ ಟಚ್ ಯಾವ ಪರದೆಗೆ ಸೇರಿದ್ದೆಂದು ನೋಡಿಕೊಳ್ಳುವುದು ಪರದೆಯ ಚಿತ್ರವನ್ನು ಜೋಡಿಸುವ ಕಂಪೋಸಿಟರ್ ಎಂಬ ತಂತ್ರಾಂಶ. ಹೊರಗಿನಿಂದ ಜೋಡಿಸಿದ ಟಚ್ ಮಾನಿಟರಿನ ವಿಷಯದಲ್ಲಿ ಮಾತ್ರ ಕೆಲವೊಮ್ಮೆ ಅದನ್ನು ಸೆಟ್ಟಿಂಗ್ಸ್‌ನಲ್ಲಿ ನಾವೇ ಹೇಳಬೇಕಾಗುತ್ತದೆ.