ಅಜ್ಜನ ಸೈಕಲ್ಲಿಗೆ ಎರಡು ಸಲ ಬಣ್ಣ ಹಚ್ಚಿದ್ದು

ಗೆಳೆಯರೇ, ಮನೆಯಲ್ಲೇ ಸೈಕಲ್ಲಿಗೆ ಬಣ್ಣ ಹಚ್ಚಬಹುದಾ ಅಂತ ತುಂಬಾ ಜನ ನನ್ನನ್ನು ಕೇಳಿದ್ದೀರಿ. ಹಚ್ಚಬಹುದು. ಆದರೆ ನಾನು ಮೊದಲನೇ ಸಲ ಹಚ್ಚಿದ ಹಾಗೆ ಹಚ್ಚಬೇಡಿ.

ಹೋದ ವರ್ಷ ಬೇಸಿಗೆ ರಜೆಯಲ್ಲಿ ಒಂದು ಸಣ್ಣ ಡಬ್ಬ ನೀಲಿ ಎನಾಮಲ್ ಪೇಂಟ್ ತಂದೆ. ಅಜ್ಜನ ಸೈಕಲ್ಲನ್ನು ಹಸಿ ಬಟ್ಟೆಯಲ್ಲಿ ಒರೆಸಿ, ತುಕ್ಕಿನ ಮೇಲೇ ಬಳಿದೆ. ಒಂದೇ ಮಧ್ಯಾಹ್ನಕ್ಕೆ ಕೆಲಸ ಮುಗೀತು, ಸೈಕಲ್ಲು ಹೊಸದರ ಹಾಗೆ ಕಂಡಿತು. ಮಳೆ ಹಿಡಿದ ಮೇಲೆ ಬಣ್ಣದ ಮೇಲೆ ಸಾಸಿವೆ ಕಾಳಿನಂಥ ಗುಳ್ಳೆಗಳೆದ್ದವು. ದಸರಾ ಹೊತ್ತಿಗೆ ಉಗುರಿನಿಂದ ಕೆರೆದರೆ ಹಪ್ಪಳದ ಹಾಗೆ ಏಳುತ್ತಿತ್ತು.

ಕಾರಣ ನಮ್ಮ ವಿಜ್ಞಾನ ಪಾಠದಲ್ಲೇ ಇದೆ. ಕಬ್ಬಿಣಕ್ಕೆ ನೀರೂ ಗಾಳಿಯ ಆಮ್ಲಜನಕವೂ ಸೇರಿದರೆ ತುಕ್ಕು. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಆದ್ದರಿಂದ ಅದು ಊದಿಕೊಂಡು ಮೇಲಿನ ಬಣ್ಣವನ್ನು ಎತ್ತಿಬಿಡುತ್ತದೆ. ನಾನು ಪರೀಕ್ಷೆಯಲ್ಲಿ ಇದನ್ನು ಸರಿಯಾಗಿಯೇ ಬರೆದಿದ್ದೆ!

ಈ ವರ್ಷ ಮೊದಲಿನಿಂದ ಶುರು ಮಾಡಿದೆ. ಚಕ್ರ, ಚೈನು, ಮಡ್‌ಗಾರ್ಡು, ಪೆಡಲ್ಲು ಎಲ್ಲಾ ಬಿಚ್ಚಿದೆ. ಎಡಗಡೆ ಪೆಡಲ್ಲಿನ ತಿರುಪು ಉಲ್ಟಾ ಇರುತ್ತದೆ, ನೆನಪಿಡಿ. ಅದು ಗೊತ್ತಿಲ್ಲದೆ ನಾನು ಅರ್ಧ ಗಂಟೆ ಬಿಗಿ ಮಾಡುತ್ತಲೇ ಇದ್ದೆ. ಬೇರಿಂಗ್ ಇರುವ ಕಡೆ ಬಿಚ್ಚಲು ಹೋಗದೆ, ಕಾಗದ ಸುತ್ತಿ ಟೇಪು ಹಾಕಿದೆ.

ಆಮೇಲೆ ಉಜ್ಜುವುದು. ಮೂರು ದಿನ ಅದೇ ಕೆಲಸ. ಮೊದಲು 80 ನಂಬರಿನ ಉಪ್ಪು ಕಾಗದ, ನಂತರ 220. ನೀರು ಹಾಕಿ ಉಜ್ಜುವ ಕಾಗದವೇ ಒಳ್ಳೆಯದು, ಧೂಳು ಏಳುವುದಿಲ್ಲ. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದು ಅಂತ ಸರ್ಕಾರದ ನಿಯಮ ಬಂದದ್ದೇ 2016ರಲ್ಲಿ. ಅಜ್ಜನ ಸೈಕಲ್ಲು ಅದಕ್ಕಿಂತ ಎಷ್ಟೋ ಹಳೆಯದು. ಹಾಗಾಗಿ ಮೂಗಿಗೆ ಬಟ್ಟೆ ಕಟ್ಟಿಕೊಂಡೆ, ತಂಗಿಯನ್ನು ಹತ್ತಿರ ಬಿಡಲಿಲ್ಲ.

ಎರಡನೇ ದಿನ ಹ್ಯಾಂಡಲ್ಲಿನ ಕೆಳಗೆ, ಇಳಿಜಾರು ಕೊಳವೆ ಬಂದು ಸೇರುವ ಮೂಲೆಯಲ್ಲಿ, ಕೂದಲೆಳೆಯಂಥ ಗೆರೆ ಕಂಡಿತು. ಗೀಚಿದ್ದಿರಬಹುದು ಅಂದುಕೊಂಡು ಉಜ್ಜಿದೆ, ಹೋಗಲಿಲ್ಲ. ಸೈಕಲ್ ರಿಪೇರಿ ಮಾಮ ಒಂದು ಉಪಾಯ ಹೇಳಿಕೊಟ್ಟರು. ಆ ಜಾಗಕ್ಕೆ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಬೇಕು. ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಬೇಕು. ಬರೀ ಗೀಚಾದರೆ ಪುಡಿ ಬೆಳ್ಳಗೇ ಇರುತ್ತದೆ. ಬಿರುಕಾದರೆ ಒಳಗೆ ಇಳಿದ ಎಣ್ಣೆ ಹೊರಗೆ ಬಂದು ಪುಡಿಯ ಮೇಲೆ ಗೆರೆ ಮೂಡಿಸುತ್ತದೆ. ನಮ್ಮದರಲ್ಲಿ ಎರಡು ಬೆರಳಗಲ ಗೆರೆ ಮೂಡಿತು. (ಗುರುಗಳೇ, ಸೀಮೆಸುಣ್ಣ ನಮ್ಮ ತರಗತಿಯ ಡಬ್ಬದಿಂದ ತಂದದ್ದು. ಒಂದೇ ತುಂಡು.)

ಆ ಸೈಕಲ್ಲಿನಲ್ಲೇ ಅಜ್ಜ ದಿನಾ ಬೆಳಿಗ್ಗೆ ಎರಡು ಹಾಲಿನ ಕ್ಯಾನು ನೇತುಹಾಕಿಕೊಂಡು ಇಳಿಜಾರಿನಲ್ಲಿ ಡೈರಿಗೆ ಹೋಗುವುದು. ಬಿರುಕು ಹೋದ ವರ್ಷವೂ ಇತ್ತೋ ಏನೋ, ನನ್ನ ನೀಲಿ ಬಣ್ಣ ಅದನ್ನು ಮುಚ್ಚಿಬಿಟ್ಟಿತ್ತು. ಅಜ್ಜ ಏನೂ ಬೈಯಲಿಲ್ಲ. ಗೆರೆಯ ಮೇಲೆ ಬೆರಳಾಡಿಸಿ, “ನಡಿಯೋ, ವೆಲ್ಡಿಂಗ್ ಅಂಗಡಿಗೆ ಹೋಗಾಣ” ಅಂದರು. ಅಲ್ಲಿ ಹಿತ್ತಾಳೆ ಕಡ್ಡಿ ಕರಗಿಸಿ ಬೆಸೆದು ಕೊಟ್ಟರು.

ಇನ್ನು ಬಣ್ಣದ್ದು ಬೇಗ ಹೇಳುತ್ತೇನೆ. ಉಜ್ಜಿದ ಕಬ್ಬಿಣವನ್ನು ಟರ್ಪೆಂಟೈನಿನಲ್ಲಿ ಒರೆಸಿ ಅದೇ ದಿನ ರೆಡ್ ಆಕ್ಸೈಡ್ ಹಚ್ಚಿ. ರಾತ್ರಿ ಬಿಟ್ಟರೆ ಮತ್ತೆ ತುಕ್ಕು ಬರುತ್ತದೆ. ಒಣಗಿದ ಮೇಲೆ 400 ನಂಬರಿನಲ್ಲಿ ಹಗುರಾಗಿ ಉಜ್ಜಿ, ಎನಾಮಲ್ ತೆಳ್ಳಗೆ ಎರಡು ಸಲ, ನಡುವೆ ಒಂದು ದಿನ ಬಿಟ್ಟು. ದಪ್ಪ ಬಳಿದರೆ ಮೇಣದಬತ್ತಿಯ ಹಾಗೆ ಇಳಿಯುತ್ತದೆ. ಪಟ್ಟೆ ಬೇಕಿದ್ದರೆ ಟೇಪು ಅಂಟಿಸಿ ಬಳಿದು, ಬಣ್ಣ ಪೂರ್ತಿ ಒಣಗುವ ಮುಂಚೆ ಟೇಪು ಕಿತ್ತರೆ ಅಂಚು ನೇರ ಬರುತ್ತದೆ. ಅಜ್ಜ ಎರಡು ಹಳದಿ ಪಟ್ಟೆ ಕೇಳಿದರು, ಹಾಕಿದೆ. ಫ್ರೇಮಿನಲ್ಲಿ ಕೊರೆದಿರುವ ನಂಬರು ಬಣ್ಣದಿಂದ ತುಂಬಿಹೋಗದಂತೆ ನೋಡಿಕೊಳ್ಳಿ, ಸೈಕಲ್ಲು ಕಳುವಾದರೆ ಅದೇ ಗುರುತು.

ರಿಮ್ಮಿಗೆ ಮಾತ್ರ ಹಚ್ಚಬೇಡಿ, ಬ್ರೇಕು ಹಿಡಿಯೋದಿಲ್ಲ. ಉಳಿದ ಅರ್ಧ ಡಬ್ಬ ನೀಲಿ ನಮ್ಮ ಮನೆಯಲ್ಲಿದೆ, ಬೇಕಾದವರು ಬನ್ನಿ. ಉಜ್ಜಿ ಮುಗಿಸಿದ ಮೇಲೆ ಬನ್ನಿ.