ನಗುವಿನ ಹೆಸರು, ಅಳುವಿನ ಹೆಸರು

ಮಕ್ಕಳೇ, ನಿಮ್ಮ ಹೆಸರಿನ ಅರ್ಥ ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಇವತ್ತೇ ಅಜ್ಜ ಅಜ್ಜಿಯನ್ನು ಕೇಳಿ. ಬಹಳ ಹಿಂದೆ ಹೀಬ್ರೂ ಭಾಷೆ ಆಡುತ್ತಿದ್ದ ಜನರಿಗೆ ಹಾಗೆ ಕೇಳುವ ಅಗತ್ಯ ಅಷ್ಟಾಗಿ ಇರಲಿಲ್ಲ. ಅವರ ಎಷ್ಟೋ ಹೆಸರುಗಳು ದಿನವೂ ಆಡುವ ಮಾತಿನಿಂದಲೇ ಹುಟ್ಟಿದವು.

ಬೈಬಲಿನ ಕಥೆಗಳನ್ನು ಓದುವಾಗ ನನಗೆ ಈ ಹೆಸರುಗಳೆಂದರೆ ಬಲು ಇಷ್ಟ. ಮೊದಲ ಮನುಷ್ಯ ಆದಾಮ. ಹೀಬ್ರೂವಿನಲ್ಲಿ ‘ಅದಾಮಾ’ ಎಂದರೆ ಮಣ್ಣು. ದೆಬೋರ ಎಂದರೆ ಜೇನುನೊಣ, ಯೋನ ಎಂದರೆ ಪಾರಿವಾಳ, ತಾಮಾರ ಎಂದರೆ ಖರ್ಜೂರದ ಮರ. ರಾಹೇಲ ಎಂದರೆ ಹೆಣ್ಣುಕುರಿ! ನಮ್ಮನ್ನು ಯಾರಾದರೂ ಕುರಿ ಎಂದರೆ ಸಿಟ್ಟು ಬರುತ್ತದೆ. ಕುರಿಯನ್ನೇ ನಂಬಿ ಬದುಕಿದವರಿಗೆ ಅದು ಮುದ್ದಿನ ಹೆಸರು.

‘ಏಲ್’ ಎಂದು ಮುಗಿಯುವ ಹೆಸರುಗಳನ್ನು ಗಮನಿಸಿ. ಏಲ್ ಎಂದರೆ ದೇವರು. ದಾನಿಯೇಲ ಎಂದರೆ ‘ದೇವರು ನನ್ನ ನ್ಯಾಯಾಧೀಶ’. ಮೀಕಾಯೇಲ ಒಂದು ಪ್ರಶ್ನೆ: ‘ದೇವರಿಗೆ ಸಮಾನರು ಯಾರು?’ ಇಷ್ಮಾಯೇಲ ಎಂದರೆ ‘ದೇವರು ಕೇಳಿಸಿಕೊಳ್ಳುತ್ತಾನೆ’. ನಿಮ್ಮ ತರಗತಿಯಲ್ಲಿ ಇಸ್ಮಾಯಿಲ್ ಇದ್ದರೆ ಅವನದೂ ಇದೇ ಹೆಸರು, ಅರಬ್ಬಿ ರೂಪದಲ್ಲಿ. ಅಬ್ರಹಾಂ–ಇಬ್ರಾಹಿಂ, ಜೋಸೆಫ್–ಯೂಸುಫ್ ಕೂಡ ಹೀಗೆಯೇ ಒಂದೇ ಹೆಸರಿನ ಎರಡು ರೂಪಗಳು.

ಕೆಲವು ಹೆಸರುಗಳ ಹಿಂದೆ ಮನೆಯ ಕಥೆಯೇ ಇದೆ. 90 ವರ್ಷದ ಸಾರಾಳಿಗೆ ಮಗು ಹುಟ್ಟುತ್ತದೆ ಎಂದು ಮನೆಗೆ ಬಂದ ಅತಿಥಿ ಹೇಳಿದಾಗ, ಗುಡಾರದೊಳಗಿದ್ದ ಆಕೆ ತನ್ನಷ್ಟಕ್ಕೇ ನಕ್ಕಳು. ಮಗು ಹುಟ್ಟಿತು. ಹೆಸರು ಇಸಾಕ, ಅಂದರೆ ‘ನಗುತ್ತಾನೆ’. ಹೀಬ್ರೂ ಪದಗಳು ಸಾಮಾನ್ಯವಾಗಿ ಮೂರು ವ್ಯಂಜನಗಳ ಬೇರಿನಿಂದ ಬೆಳೆಯುತ್ತವೆ. ‘ನಗು’ ಎಂಬ ಪದದ ಮೂರು ವ್ಯಂಜನಗಳೂ ಆ ಭಾಷೆಯಲ್ಲಿ ಇಸಾಕನ ಹೆಸರಿನೊಳಗಿವೆ.

ಇಸಾಕನ ಸೊಸೆ ರಾಹೇಲಳ ಕಥೆ ಬೇರೆ. ದಾರಿಯಲ್ಲೇ ಹೆರಿಗೆಯಾಗಿ ಪ್ರಾಣ ಹೋಗುವಾಗ ಆಕೆ ಮಗುವಿಗೆ ಬೆನೋನಿ, ‘ನನ್ನ ದುಃಖದ ಮಗ’, ಎಂದು ಹೆಸರಿಟ್ಟಳು. ತಂದೆ ಯಾಕೋಬ ಅದನ್ನು ಬದಲಿಸಿ ಬೆನ್ಯಾಮೀನ, ‘ಬಲಗೈಯ ಮಗ’, ಎಂದು ಕರೆದ. ಅಮ್ಮನ ಸಾವಿನ ನೋವನ್ನು ಆ ಕೂಸು ಬದುಕಿಡೀ ತನ್ನ ಹೆಸರಿನಲ್ಲಿ ಹೊರಬೇಕಾಗಿ ಬರಲಿಲ್ಲ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ನೊವೊಮಿ ಅಜ್ಜಿಯ ಹೆಸರು. ನೊವೊಮಿ ಎಂದರೆ ‘ಹಿತವಾದವಳು’. ಆಕೆಯ ಊರು ಬೇತ್ಲೆಹೇಮ್, ಅಂದರೆ ‘ರೊಟ್ಟಿಯ ಮನೆ’. ಆ ರೊಟ್ಟಿಯ ಮನೆಗೇ ಬರ ಬಂತು. ಗಂಡ, ಇಬ್ಬರು ಗಂಡುಮಕ್ಕಳ ಜೊತೆ ಆಕೆ ಮೋವಾಬ್ ದೇಶಕ್ಕೆ ಹೋದಳು. ಅಲ್ಲಿ ಮೂವರೂ ತೀರಿಕೊಂಡರು. ವಿಧವೆಯಾದ ಸೊಸೆ ರೂತಳೊಂದಿಗೆ ಊರಿಗೆ ಮರಳಿದಾಗ ಹೆಂಗಸರು ಗುರುತು ಹಿಡಿದು ಕರೆದರು. ಆಕೆಯೋ, ಇನ್ನು ನನ್ನನ್ನು ನೊವೊಮಿ ಎನ್ನಬೇಡಿ, ‘ಮಾರಾ’ ಎನ್ನಿ ಎಂದಳು. ಮಾರಾ ಎಂದರೆ ಕಹಿ.

ಆದರೆ ಕಥೆಯಲ್ಲಿ ಯಾರೊಬ್ಬರೂ ಆಕೆಯನ್ನು ಹಾಗೆ ಕರೆಯುವುದಿಲ್ಲ. ಮುಂದೆ ರೂತಳಿಗೆ ಮತ್ತೆ ಮದುವೆಯಾಗಿ ಗಂಡುಮಗು ಹುಟ್ಟಿತು. ನೊವೊಮಿ ಅದನ್ನು ಎದೆಗಪ್ಪಿಕೊಂಡು ಸಾಕಿದಳು. ನೊವೊಮಿಗೇ ಮಗ ಹುಟ್ಟಿದ ಎಂದು ನೆರೆಹೊರೆಯ ಹೆಂಗಸರು ಸಂಭ್ರಮಿಸಿದರು. ಮಗುವಿಗೆ ಓಬೇದ, ‘ಸೇವೆ ಮಾಡುವವನು’, ಎಂದು ಹೆಸರಿಟ್ಟವರೂ ಅವರೇ. ಆ ಓಬೇದನ ಮೊಮ್ಮಗನೇ ದಾವೀದ ರಾಜ.

ದುಃಖದಲ್ಲಿ ಅಜ್ಜಿ ತನಗೆ ಕಹಿ ಹೆಸರು ಇಟ್ಟುಕೊಂಡಳು. ಊರಿನವರು ಆಕೆಯ ಸಿಹಿ ಹೆಸರನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು.