ಗಿಡ ನೆಟ್ಟ ಮರುದಿನದ ಪಾಠ

ಪ್ರತಿ ವರ್ಷ ಜೂನ್ 5ರಂದು ನಮ್ಮ ಶಾಲೆಗಳಲ್ಲಿ ಗಿಡ ನೆಡುವ ಕಾರ್ಯಕ್ರಮ ನಡೆಯುತ್ತದೆ. ಅತಿಥಿಗಳು ಬರುತ್ತಾರೆ, ಭಾಷಣವಾಗುತ್ತದೆ, ಫೋಟೋ ತೆಗೆಯಲಾಗುತ್ತದೆ. ಮಳೆಗಾಲದಲ್ಲಿ ಆ ಗಿಡ ಹೇಗೋ ಬದುಕುತ್ತದೆ. ಏಪ್ರಿಲ್‌ನಲ್ಲಿ ರಜೆ ಬಂತೆಂದರೆ ನೀರು ಹಾಕುವವರಿಲ್ಲದೆ ಎಷ್ಟೋ ಗಿಡಗಳು ಒಣಗುತ್ತವೆ. ಮುಂದಿನ ಜೂನ್‌ನಲ್ಲಿ ಅದೇ ಗುಂಡಿಗೆ ಇನ್ನೊಂದು ಗಿಡ. ಇದನ್ನು ನೋಡುತ್ತಾ ಬೆಳೆಯುವ ಮಗು ಏನು ಕಲಿಯುತ್ತದೆ? ಪರಿಸರ ರಕ್ಷಣೆಯೆಂದರೆ ಒಂದು ದಿನದ ಸಮಾರಂಭ ಎಂದಲ್ಲವೇ?

ನೆಡುವುದು ಅರ್ಧ ಗಂಟೆಯ ಕೆಲಸ. ನಿಜವಾದ ಪಾಠ ಮರುದಿನದಿಂದ ಶುರುವಾಗುತ್ತದೆ. ಅಮೆರಿಕದ ಬರ್ಕ್ಲಿ ನಗರದಲ್ಲಿ ಇದಕ್ಕೊಂದು ಉದಾಹರಣೆಯಿದೆ. 1995ರಲ್ಲಿ ಅಡುಗೆ ತಜ್ಞೆ ಆಲಿಸ್ ವಾಟರ್ಸ್ ಅವರ ಮುಂದಾಳತ್ವದಲ್ಲಿ ಅಲ್ಲಿನ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ಶಾಲೆಯ ಸುಮಾರು 1 ಎಕರೆ ಡಾಂಬರು ನೆಲವನ್ನು ತೋಟವಾಗಿಸುವ ಯೋಜನೆ ಆರಂಭವಾಯಿತು. ಅದು ಉಳಿದುಕೊಳ್ಳಲು ಮುಖ್ಯ ಕಾರಣ, ತೋಟದ ಕೆಲಸಕ್ಕೆ ತರಗತಿಯ ವೇಳಾಪಟ್ಟಿಯಲ್ಲೇ ಜಾಗ ಸಿಕ್ಕಿದ್ದು. ವಿಜ್ಞಾನ, ಚರಿತ್ರೆಯ ಪಾಠಗಳು ತೋಟದಲ್ಲೂ ಅಡುಗೆಮನೆಯಲ್ಲೂ ನಡೆಯತೊಡಗಿದವು. ನಮ್ಮಲ್ಲೂ ಕೇಂದ್ರ ಸರಕಾರ 2019ರಲ್ಲಿ ಶಾಲಾ ಪೌಷ್ಟಿಕ ತೋಟಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಬೆಳೆದದ್ದು ಬಿಸಿಯೂಟಕ್ಕೆ ಬಳಕೆಯಾಗಬೇಕು, ಜಾಗವಿಲ್ಲದ ಶಾಲೆಗಳು ಕುಂಡ, ಡಬ್ಬ, ಚೀಲಗಳಲ್ಲಿ ಅಥವಾ ತಾರಸಿಯಲ್ಲಿ ಬೆಳೆಯಬಹುದು ಎಂದು ಅದು ಹೇಳುತ್ತದೆ.

ಹಾಗಾದರೆ ನಗರದ ಮಕ್ಕಳು ಏನು ಬೆಳೆಯಬೇಕು? ಶಾಲಾ ಅವಧಿಯೊಳಗೆ ಕೈಗೆ ಬರುವಂಥದ್ದನ್ನು. ಮೆಂತೆ ಸೊಪ್ಪು ಸುಮಾರು 25 ದಿನಗಳಲ್ಲಿ, ಹರಿವೆ ಸೊಪ್ಪು ಸುಮಾರು 30 ದಿನಗಳಲ್ಲಿ, ಮೂಲಂಗಿ 45 ದಿನಗಳ ಆಸುಪಾಸಿನಲ್ಲಿ, ಬೀನ್ಸ್ ಎರಡು ತಿಂಗಳೊಳಗೆ ಸಿಗುತ್ತದೆ. ಜೂನ್‌ನಲ್ಲಿ ಬಿತ್ತಿದರೆ ದಸರಾ ರಜೆಯೊಳಗೆ ಎರಡು ಬೆಳೆ, ರಜೆ ಮುಗಿಸಿ ಬಿತ್ತಿದರೆ ಪರೀಕ್ಷೆಗೆ ಮುನ್ನ ಇನ್ನೆರಡು ಬೆಳೆ. ಬೇಸಿಗೆ ರಜೆಗೆ ಕುಂಡಗಳು ಖಾಲಿಯಿದ್ದರೂ ಚಿಂತೆಯಿಲ್ಲ, ಒಣ ಎಲೆ ಹೊದಿಸಿಟ್ಟರೆ ಸಾಕು. ಸೊಪ್ಪಿಗೆ ದಿನಕ್ಕೆ ನಾಲ್ಕು ಗಂಟೆ ಬಿಸಿಲು ಸಾಕು. ಟೊಮೆಟೊ, ಬದನೆಗೆ ಆರು ಗಂಟೆಯಾದರೂ ಬೇಕು. ಬಿಸಿಲು ಎಲ್ಲಿ ಎಷ್ಟು ಹೊತ್ತು ಬೀಳುತ್ತದೆಂದು ಮಕ್ಕಳೇ ಗಡಿಯಾರ ನೋಡಿ ಬರೆದಿಡಲಿ. ಅದೇ ಮೊದಲ ಪಾಠ.

ಎರಡನೆಯದು ಗೊಬ್ಬರದ ಪಾಠ. ಹಸಿ ಕಸ, ಒಣ ಕಸ ಬೇರ್ಪಡಿಸಬೇಕೆಂಬ ನಿಯಮ ದೇಶದಲ್ಲಿದೆ. ಆದರೆ ಯಾಕೆ ಬೇರ್ಪಡಿಸಬೇಕೆಂದು ಮಗುವಿಗೆ ಅರ್ಥವಾಗುವುದು ತರಕಾರಿ ಸಿಪ್ಪೆ ಮಣ್ಣಾಗುವುದನ್ನು ಕಣ್ಣಾರೆ ಕಂಡಾಗ. ತೂತು ಕೊರೆದ ಹಳೆಯ ಬಕೆಟ್‌ನಲ್ಲಿ ಒಂದು ಪಾಲು ಸಿಪ್ಪೆಗೆ ಎರಡು ಪಾಲು ಒಣ ಎಲೆ ಹಾಕಿ, ವಾರಕ್ಕೊಮ್ಮೆ ಕೆದಕಿದರೆ ಎರಡು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ದುರ್ವಾಸನೆ ಬಂದರೆ ತೇವ ಹೆಚ್ಚಾಗಿದೆಯೆಂದು ಅರ್ಥ, ಇನ್ನಷ್ಟು ಒಣ ಎಲೆ ಸೇರಿಸಬೇಕು. ಮಾಂಸ, ಮೂಳೆ, ಎಣ್ಣೆಯ ಪದಾರ್ಥ ಹಾಕಬಾರದು, ಇಲಿಗಳು ಬರುತ್ತವೆ. ಹೀಗೆ ಸಿದ್ಧವಾದ ಗೊಬ್ಬರ, ಮಣ್ಣು ಮತ್ತು ತೆಂಗಿನ ನಾರಿನ ಪುಡಿಯನ್ನು ಸಮಪಾಲು ಬೆರೆಸಿದರೆ ಕುಂಡವೂ ಹಗುರ, ಬೇರಿಗೂ ಗಾಳಿ.

ನೀರಿನ ವಿಷಯ ಇನ್ನೂ ಗಂಭೀರ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸುವುದಾಗಿ ಹೇಳಿತ್ತು. ಆದ್ದರಿಂದ ಗಿಡಕ್ಕೆ ಬೇರೆ ನೀರು ಹುಡುಕಬೇಕು. ಅಕ್ಕಿ, ತರಕಾರಿ ತೊಳೆದ ನೀರಿದೆ. ನಮ್ಮ ಮನೆಗಳಲ್ಲಿ, ಮಸೀದಿ, ಮದ್ರಸಗಳಲ್ಲಿ ದಿನಕ್ಕೆ ಐದು ಹೊತ್ತು ವುಝೂವಿನ ನೀರು ಹರಿದು ಹೋಗುತ್ತದೆ. ಅದರಲ್ಲಿ ಸೋಪು ಸೇರದಿದ್ದರೆ ಗಿಡಕ್ಕೆ ಧಾರಾಳವಾಗಿ ಹಾಕಬಹುದು. ನಳ್ಳಿಯ ಕೆಳಗೊಂದು ಬಕೆಟ್ ಇಟ್ಟರೂ ಸಾಕು. ಇಸ್ರಾಫ್ ಮಾಡಬೇಡ ಎಂದು ನೂರು ಸಲ ಹೇಳುವುದಕ್ಕಿಂತ ಆ ಬಕೆಟ್ ತುಂಬುವುದನ್ನು ಮಗು ನೋಡುವುದು ಮೇಲು. ಆದರೆ ಆ ನೀರನ್ನು ಅಂದೇ ಬಳಸಬೇಕು, ನಿಲ್ಲಿಸಿಟ್ಟರೆ ಸೊಳ್ಳೆ ಮೊಟ್ಟೆ ಇಡುತ್ತದೆ.

ತಾರಸಿಯ ಮೇಲೆ ಬೆಳೆಯುವವರಿಗೆ ಒಂದು ಎಚ್ಚರಿಕೆ. ನೆನೆದ ಮಣ್ಣು ಬಹಳ ಭಾರ. ಕುಂಡಗಳನ್ನು ನಡುವೆ ಗುಂಪಾಗಿ ಇಡದೆ, ತೊಲೆ ಮತ್ತು ಗೋಡೆಗಳಿರುವ ಅಂಚಿನ ಉದ್ದಕ್ಕೆ ಇಡಬೇಕು. ಕೆಳಗೆ ಇಟ್ಟಿಗೆ ಕೊಟ್ಟು ನೀರು ಸರಾಗವಾಗಿ ಹರಿಯುವಂತೆ ಮಾಡಬೇಕು. ಹಳೆಯ ಕಟ್ಟಡವಾದರೆ ತಿಳಿದವರಿಗೆ ತೋರಿಸಿಯೇ ಮುಂದುವರಿಯಬೇಕು. ಮಕ್ಕಳು ಹತ್ತುವ ತಾರಸಿಗೆ ಗಟ್ಟಿಯಾದ ಕಟ್ಟೆ ಇರಲೇಬೇಕು.

ಹತ್ತು ಕುಂಡಗಳಿಂದ ಮನೆಯ ತರಕಾರಿ ಖರ್ಚು ನೀಗುವುದಿಲ್ಲ, ನಗರದ ಹಸಿವೂ ನೀಗುವುದಿಲ್ಲ. ಆದರೆ ಒಂದು ಹಿಡಿ ಮೆಂತೆ ಸೊಪ್ಪಿಗಾಗಿ 25 ದಿನ ಕಾದ ಮಗು ತಟ್ಟೆಯಲ್ಲಿ ಅನ್ನ ಬಿಡುವ ಮುನ್ನ ಒಮ್ಮೆ ಯೋಚಿಸುತ್ತದೆ. ಹುಳ ತಿಂದ ಎಲೆಯನ್ನು ಕಂಡಾಗ ರೈತನ ಕಷ್ಟದ ಒಂದು ಎಳೆಯಾದರೂ ಅದಕ್ಕೆ ತಿಳಿಯುತ್ತದೆ. ಇಂಥ ತಿಳಿವಳಿಕೆ ಪುಸ್ತಕ ಓದಿದ ಮಾತ್ರಕ್ಕೆ ಬರುವುದಿಲ್ಲ.

ಶಾಲಾ ಸಭೆಗೆ ಹೋದಾಗ ನಾವು ಪೋಷಕರು ಅಂಕಗಳ ಜೊತೆಗೆ ಇನ್ನೊಂದು ಪ್ರಶ್ನೆ ಕೇಳೋಣ: ಕಳೆದ ಜೂನ್‌ನಲ್ಲಿ ನೆಟ್ಟ ಗಿಡ ಈಗ ಹೇಗಿದೆ, ಅದಕ್ಕೆ ನೀರು ಹಾಕುವ ಸರದಿ ಯಾರದ್ದು?